ಇರುವ ಸ್ಪೀಕರಿನ ಮುಂದೆ ನೆಮ್ಮದಿಯಾಗಿ ಕುಳಿತುಕೊಳ್ಳುವುದು ಹೇಗೆ: ಆಡಿಯೊ ಉಪಕರಣ ಬದಲಿಸುವ ಹಂಬಲಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಒಳ್ಳೆಯ ಧ್ವನಿಯಲ್ಲಿ ಸಂಗೀತ ಕೇಳುವ ಹವ್ಯಾಸ ಬೆಳೆಸಿಕೊಂಡವರಿಗೆ ಒಂದು ಹಂತ ದಾಟಿದ ಮೇಲೆ ನೋವಿನ ಅನುಭವವೊಂದು ಎದುರಾಗುತ್ತದೆ. ಹಾಡು ನಡೆಯುತ್ತಿರುತ್ತದೆ, ಆದರೆ ಗಮನ ಹಾಡಿನ ಮೇಲಿರುವುದಿಲ್ಲ. ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕೊಂಚ ಚೂಪಾಯಿತೇ, ಕೆಳಸ್ವರಗಳ ಬಾಸ್ ಸಡಿಲವಾಯಿತೇ, ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಂಕೇತವಾಗಿಸುವ ಡ್ಯಾಕ್ ಬದಲಿಸಿದ್ದರೆ ಈ ಕಂಠ ಇನ್ನಷ್ಟು ಬಿಚ್ಚಿಕೊಳ್ಳುತ್ತಿತ್ತೇ ಎಂಬ ಲೆಕ್ಕಾಚಾರದಲ್ಲಿ ಪಲ್ಲವಿ ಮುಗಿದು ಚರಣ ಬಂದದ್ದೂ ತಿಳಿಯುವುದಿಲ್ಲ. ನಾನು ಸುಮಾರು ಹತ್ತು ವರ್ಷಗಳನ್ನು ಹೀಗೆ ಕಳೆದಿದ್ದೇನೆ. ಆಂಪ್ಲಿಫೈಯರ್ ಬಂದಾಗ ಅದಕ್ಕೆ ತಕ್ಕ ಸ್ಪೀಕರ್ ಬೇಕೆನಿಸಿತು, ಸ್ಪೀಕರ್ ಬಂದಾಗ ಕೇಬಲ್ ಬಡಕಲಾಗಿ ಕಂಡಿತು, ಕೇಬಲ್ ಬಂದಾಗ ಮೊದಲಿನ ಆಂಪ್ಲಿಫೈಯರೇ ಸಾಲದೆನಿಸಿತು. ಹವ್ಯಾಸಿಗಳು ಇದನ್ನು ಅಪ್‌ಗ್ರೇಡೈಟಿಸ್ ಎಂದು ಕಾಯಿಲೆಯ ಹೆಸರಿನಿಂದಲೇ ಕರೆಯುತ್ತಾರೆ.

ಏನನ್ನೂ ಕೊಳ್ಳಬಾರದು ಎಂಬ ವ್ರತ ಇಲ್ಲಿಲ್ಲ. ಅತೃಪ್ತಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಹಚ್ಚಿ, ಸರಿಪಡಿಸಲು ಸಾಧ್ಯವಾದದ್ದನ್ನು ಕೈಯಾರೆ ಸರಿಪಡಿಸಿ, ಉಳಿದ ಮಿತಿಯನ್ನು ತಿಳಿದೇ ಒಪ್ಪಿಕೊಳ್ಳುವ ಕ್ರಮವನ್ನು ವಿವರಿಸಿದ್ದೇನೆ. ಬೇಕಾಗುವ ಸಾಮಗ್ರಿಯೆಂದರೆ ಒಂದು ನೋಟ್‌ಬುಕ್, ಅಳತೆಯ ಟೇಪ್, ಕೈಗನ್ನಡಿ, ವೋಲ್ಟೇಜ್ ಅಳೆಯುವ ಅಗ್ಗದ ಮಲ್ಟಿಮೀಟರ್ ಮತ್ತು ಒಂದೆರಡು ಸಂಜೆ ಜೊತೆಗೆ ನಿಲ್ಲುವ ಸ್ನೇಹಿತ. ಎಲ್ಲವನ್ನೂ ಮುಗಿಸಲು ಎರಡು ತಿಂಗಳು ಹಿಡಿಯಬಹುದು, ಅವಸರ ಮಾಡಬೇಡಿ.

ಮೊದಲ ಹೆಜ್ಜೆ: ಹಂಬಲ ಹುಟ್ಟುವ ಹೊತ್ತನ್ನು ಬರೆದಿಡಿ

ಎರಡು ವಾರಗಳ ಕಾಲ ಏನನ್ನೂ ಕೊಳ್ಳದೆ, ಯಾವುದನ್ನೂ ಅಲುಗಾಡಿಸದೆ, ನೋಟ್‌ಬುಕ್ಕನ್ನು ಆಂಪ್ಲಿಫೈಯರಿನ ಪಕ್ಕದಲ್ಲಿಡಿ. ಹೊಸ ಉಪಕರಣ ಬೇಕೆನಿಸಿದಾಗಲೆಲ್ಲ ಮೂರು ಸಂಗತಿಗಳನ್ನು ಬರೆಯಿರಿ: ಬಯಸಿದ ವಸ್ತು ಯಾವುದು, ಆ ಹೊತ್ತಿನಲ್ಲಿ ಯಾವ ಹಾಡು ನಡೆಯುತ್ತಿತ್ತು, ಅದಕ್ಕೆ ಸ್ವಲ್ಪ ಮುಂಚೆ ನೀವು ಏನನ್ನು ಓದುತ್ತಿದ್ದಿರಿ ಅಥವಾ ನೋಡುತ್ತಿದ್ದಿರಿ. ನನ್ನ ಟಿಪ್ಪಣಿಗಳಲ್ಲಿ ಬಹುಪಾಲು ಎರಡನೆಯ ಪ್ರಶ್ನೆಯ ಎದುರು ಖಾಲಿ ಇದ್ದವು. ಸಂಗೀತ ನಿಂತಿತ್ತು, ಕೈಯಲ್ಲಿ ಫೋನಿತ್ತು, ಯಾರೋ ಬರೆದ ವಿಮರ್ಶೆಯನ್ನು ಓದಿ ಮುಗಿಸಿದ್ದೆ. ಕಿವಿಗೆ ಸಂಬಂಧವೇ ಇಲ್ಲದ ಇಂಥ ಬಯಕೆಯನ್ನು ಯಾವ ಉಪಕರಣವೂ ತಣಿಸಲಾರದು, ಏಕೆಂದರೆ ದೂರದ ಬೆಟ್ಟ ನುಣ್ಣಗೆ ಕಂಡದ್ದರಿಂದಲೇ ಅದು ಹುಟ್ಟಿದೆ. ಅಂಥ ಟಿಪ್ಪಣಿಗಳ ಮೇಲೆ ಅಡ್ಡಗೆರೆ ಎಳೆಯಿರಿ. ಹಾಡು ಕೇಳುತ್ತಿದ್ದಾಗಲೇ ಬರೆದ ಟಿಪ್ಪಣಿಗಳನ್ನಷ್ಟೇ ಮುಂದಿನ ಹೆಜ್ಜೆಗೆ ಒಯ್ಯಿರಿ.

ಎರಡನೆಯ ಹೆಜ್ಜೆ: ಅತೃಪ್ತಿಗೆ ಹೆಸರಿಡಿ

‘ಧ್ವನಿಯಲ್ಲಿ ಜೀವವಿಲ್ಲ’, ‘ಏನೋ ಪರದೆ ಹೊದ್ದಂತಿದೆ’ ಎಂಬ ಮಾತುಗಳಿಂದ ಯಾವ ದೋಷವನ್ನೂ ಹುಡುಕಲಾಗದು. ನಿಮಗೆ ಬಾಯಿಪಾಠವಾಗಿರುವಷ್ಟು ಪರಿಚಿತವಾದ ಐದು ಧ್ವನಿಮುದ್ರಣಗಳನ್ನು ಆರಿಸಿಕೊಳ್ಳಿ. ಒಂದರಲ್ಲಿ ಒಂಟಿ ಕಂಠ, ಒಂದರಲ್ಲಿ ತಂತಿವಾದ್ಯ, ಒಂದರಲ್ಲಿ ಆಳವಾದ ತಾಳವಾದ್ಯ ಇರಲಿ. ಅವುಗಳನ್ನು ಕೇಳುತ್ತ ದೂರನ್ನು ಜಾಗ ತೋರಿಸುವಷ್ಟು ಖಚಿತಗೊಳಿಸಿ. ಕೆಳಸ್ವರಗಳೆಲ್ಲ ಒಂದೇ ಸ್ವರವಾಗಿ ಗುಂಯ್‌ಗುಟ್ಟುತ್ತಿದ್ದರೆ ತೊಂದರೆ ಸಾಮಾನ್ಯವಾಗಿ 40ರಿಂದ 100 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ನಡುವೆ ಇರುತ್ತದೆ. ಗಾಯಕ ಪೀಪಾಯಿಯೊಳಗೆ ನಿಂತು ಹಾಡಿದಂತೆ ಕೇಳಿದರೆ 150ರಿಂದ 300 ಹರ್ಟ್ಸ್ ಸುತ್ತ ನೋಡಬೇಕು. ಸಾಹಿತ್ಯದ ವ್ಯಂಜನಗಳು ಸ್ಪಷ್ಟವಾಗಿ ಕೇಳುವುದಕ್ಕೆ 2,000ದಿಂದ 4,000 ಹರ್ಟ್ಸ್ ಭಾಗವೇ ಮುಖ್ಯ ಕಾರಣ. ಅದು ಅತಿಯಾದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಸಕಾರ, ಶಕಾರಗಳು ಚುಚ್ಚಿದರೆ ಅದು 5,000ದಿಂದ 8,000 ಹರ್ಟ್ಸ್ ಆಸುಪಾಸಿನ ವಿಷಯ. ಅದಕ್ಕೂ ಮೇಲಿನ ಭಾಗದ ಬಗ್ಗೆ ಒಂದು ಮಾತು: ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲಿ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತ ಬರುತ್ತದೆ, ಹಾಗಾಗಿ 40,000 ಹರ್ಟ್ಸ್‌ವರೆಗೆ ನುಡಿಯಬಲ್ಲ ಟ್ವೀಟರ್ ಎಂಬ ಕಾರಣಕ್ಕಾಗಿಯೇ ಸ್ಪೀಕರ್ ಬದಲಿಸುವ ಅಗತ್ಯ ಯಾರಿಗೂ ಇಲ್ಲ.

ದೂರು ಐದೂ ಮುದ್ರಣಗಳಲ್ಲಿ ಮರುಕಳಿಸುತ್ತಿದೆಯೇ ಎಂದು ನೋಡಿ. ಒಂದರಲ್ಲಿ ಮಾತ್ರ ಕೇಳಿಸಿದರೆ ಅದು ಆ ಮುದ್ರಣದ ಗುಣ. ಅದನ್ನು ಹಾಗೆಯೇ ಕೇಳಿಸುತ್ತಿರುವ ನಿಮ್ಮ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಮೂರನೆಯ ಹೆಜ್ಜೆ: ಉಪಕರಣವನ್ನು ಬಿಟ್ಟು ಕೋಣೆಯನ್ನು ಬದಲಿಸಿ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಸುಮಾರು 200-300 ಹರ್ಟ್ಸ್‌ಗಿಂತ ಕೆಳಗೆ ನಾವು ಕೇಳುವುದು ಸ್ಪೀಕರಿನ ಧ್ವನಿ ಎನ್ನುವುದಕ್ಕಿಂತ ಸ್ಪೀಕರ್ ಮತ್ತು ಕೋಣೆ ಎರಡೂ ಸೇರಿದ ಧ್ವನಿ ಎನ್ನುವುದೇ ಸರಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಈ ಸಂಖ್ಯೆಯನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಉದ್ದಕ್ಕೆ ಸಂಬಂಧಿಸಿದ ಮೊದಲ ಅನುರಣನ ಸಿಗುತ್ತದೆ: 4.3 ಮೀಟರ್ ಉದ್ದದ ಕೋಣೆಯಲ್ಲಿ ಅದು ಸುಮಾರು 40 ಹರ್ಟ್ಸ್, ಅದರ ಮೇಲೆ 80, 120 ಹೀಗೆ ಏರುತ್ತ ಹೋಗುತ್ತದೆ. ಅಗಲಕ್ಕೂ ಎತ್ತರಕ್ಕೂ ಇದೇ ಲೆಕ್ಕ. ಈ ಸ್ವರಗಳು ಗೋಡೆಗಳ ಬಳಿ ಉಬ್ಬುತ್ತವೆ. ಉದ್ದದ ಸರಿಮಧ್ಯದಲ್ಲಿ ಮೊದಲನೆಯದು ಬಹುತೇಕ ಮಾಯವಾಗುತ್ತದೆ. ಹಿಂಗೋಡೆಗೆ ಒರಗಿಸಿದ ಸೋಫಾದಲ್ಲಿ ಕುಳಿತವರಿಗೆ ಬಾಸ್ ಅತಿಯಾಗಿಯೂ, ಅದೇ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡವರಿಗೆ ಬಡಕಲಾಗಿಯೂ ಕೇಳುವುದು ಇದರಿಂದಲೇ. ಇಬ್ಬರೂ ಬೇರೆ ಸ್ಪೀಕರ್ ಹುಡುಕುತ್ತಾರೆ, ಇಬ್ಬರಿಗೂ ಬೇಕಾದದ್ದು ಕುರ್ಚಿಯನ್ನು ಸರಿಸುವುದು.

ಕುರ್ಚಿಯಿಂದಲೇ ಆರಂಭಿಸಿ. ಸ್ಪೀಕರಿನ ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ನೂರಕ್ಕೆ 62ರಷ್ಟು ದೂರದಲ್ಲಿ, ಅಂದರೆ ನಿಮ್ಮ ಬೆನ್ನ ಹಿಂದೆ ನೂರಕ್ಕೆ 38ರಷ್ಟು ಜಾಗ ಬಿಟ್ಟು ಕುಳಿತು ನೋಡಿ. ಇದು ಆರಂಭದ ಬಿಂದುವಷ್ಟೇ, ಅಲ್ಲಿಂದ ಅಂಗುಲಂಗುಲವಾಗಿ ಹಿಂದೆ ಮುಂದೆ ಸರಿಯುತ್ತ ಕಿವಿಯಿಂದ ತೀರ್ಮಾನಿಸಿ. ಅಷ್ಟು ಜಾಗವಿಲ್ಲದಿದ್ದರೆ ಹಿಂಗೋಡೆಯಿಂದ ಅರ್ಧ ಮೀಟರ್ ಮುಂದೆ ಬಂದರೂ ವ್ಯತ್ಯಾಸ ತಿಳಿಯುತ್ತದೆ. ಬಳಿಕ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗುವಂತೆ ಟೇಪಿನಿಂದ ಅಳೆದು ಇಡಿ. ಎರಡೂ ಸ್ಪೀಕರುಗಳು ಕಿವಿಗೆ ಸಮಾನ ದೂರದಲ್ಲಿರಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು.

ಈಗ ಸ್ಪೀಕರಿಗೂ ಅದರ ಹಿಂದಿನ ಗೋಡೆಗೂ ಇರುವ ಅಂತರವನ್ನು ನೋಡಿ. ಗೋಡೆಗೆ ಬಡಿದು ಮರಳಿದ ಅಲೆ ನೇರ ಅಲೆಯನ್ನು ಒಂದು ನಿರ್ದಿಷ್ಟ ಸ್ವರದಲ್ಲಿ ನುಂಗಿಹಾಕುತ್ತದೆ; 343ನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿದರೆ ಆ ಸ್ವರ ತಿಳಿಯುತ್ತದೆ. ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ ಸುಮಾರು 86 ಹರ್ಟ್ಸ್, 60 ಸೆಂಟಿಮೀಟರ್ ಇದ್ದರೆ ಸುಮಾರು 143 ಹರ್ಟ್ಸ್. ಅಂತರ ಬದಲಿಸಿದರೆ ತಗ್ಗು ಬೇರೆಡೆಗೆ ಹೋಗುತ್ತದೆಯೇ ಹೊರತು ಅಳಿಯುವುದಿಲ್ಲ. ಅದನ್ನು ನಿಮ್ಮ ಸಂಗೀತಕ್ಕೆ ಕಡಿಮೆ ತೊಂದರೆಯಾಗುವ ಕಡೆಗೆ ತಳ್ಳುವುದೇ ಇಲ್ಲಿಯ ಕುಶಲತೆ.

ನನ್ನ ಕೋಣೆಯಲ್ಲಿ ಇದು ನಡೆದ ಸಂಜೆ ಚೆನ್ನಾಗಿ ನೆನಪಿದೆ. ತಂಬೂರಿಯ ಶ್ರುತಿಯ ಮೇಲೆ ಹಾಡಿದ ಒಂದು ಆಲಾಪನೆಯಲ್ಲಿ ಮಂದ್ರದ ತಂತಿ ಯಾವಾಗಲೂ ಉಳಿದ ಮೂರರಿಂದ ಬೇರ್ಪಟ್ಟು, ಎಲ್ಲೋ ಮೂಲೆಯಲ್ಲಿ ಒಂಟಿಯಾಗಿ ಝೇಂಕರಿಸುತ್ತಿತ್ತು. ಇದು ಆಂಪ್ಲಿಫೈಯರಿನ ದುರ್ಬಲ ಹಿಡಿತವೆಂದು ಒಬ್ಬ ಮಾರಾಟಗಾರರು ನನಗೆ ಮನವರಿಕೆ ಮಾಡಿಕೊಟ್ಟಿದ್ದರು. ಸ್ಪೀಕರುಗಳನ್ನು ಮೂಲೆಯಿಂದ ಸುಮಾರು 20 ಸೆಂಟಿಮೀಟರ್ ಹೊರಗೆಳೆದು, ಎರಡು ಬೆರಳಿನಷ್ಟು ಒಳಮುಖವಾಗಿ ತಿರುಗಿಸಿ ಮತ್ತೆ ಕುಳಿತೆ. ನಾಲ್ಕು ತಂತಿಗಳೂ ಒಂದೇ ಬುರುಡೆಯಿಂದ ಎದ್ದು ಬಂದವು, ಗಾಯಕಿಯ ಕಂಠ ಅದರ ಸ್ವಲ್ಪ ಮುಂದೆ ನಿಂತಿತು. ನೆಲದ ಮೇಲೆ ಟೇಪಿನ ತುಂಡುಗಳನ್ನು ಅಂಟಿಸಿ ಆ ಜಾಗವನ್ನು ಗುರುತು ಮಾಡಿದೆ. ಆ ಗುರುತುಗಳು ಇಂದಿಗೂ ಇವೆ.

ಪಕ್ಕದ ಗೋಡೆಗಳಿಗೆ ಕೈಗನ್ನಡಿ ಬೇಕು. ನೀವು ಕುಳಿತಿರಿ, ಸ್ನೇಹಿತರು ಕನ್ನಡಿಯನ್ನು ಗೋಡೆಗೆ ಒತ್ತಿ ಸರಿಸುತ್ತ ಬರಲಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗವೇ ಮೊದಲ ಪ್ರತಿಫಲನದ ಬಿಂದು. ಅಲ್ಲಿ ಪುಸ್ತಕದ ಕಪಾಟನ್ನೋ ದಪ್ಪ ಬಟ್ಟೆಯನ್ನೋ ಇಟ್ಟು ಕೇಳಿ ನೋಡಿ. ಬರಿಯ ನೆಲಕ್ಕೆ ದಪ್ಪ ಜಮಖಾನ ಹಾಸಿದರೂ ಚಪ್ಪಾಳೆ ತಟ್ಟಿದಾಗಿನ ಕರ್ಕಶ ಮಾರ್ದನಿ ತಗ್ಗುತ್ತದೆ. ಆದರೆ ಬಟ್ಟೆ ಮೇಲಿನ ಸ್ವರಗಳನ್ನು ಮಾತ್ರ ಹೀರುತ್ತದೆ. 100 ಹರ್ಟ್ಸ್ ಅಲೆಯ ಉದ್ದವೇ ಸುಮಾರು ಮೂರೂವರೆ ಮೀಟರ್ ಇರುವಾಗ ಒಂದು ಪರದೆಯಿಂದ ಬಾಸ್ ಹದಕ್ಕೆ ಬರುವುದಿಲ್ಲ. ಬಾಸಿನ ಉಬ್ಬು ಜಾಗ ಬದಲಿಸಿದರೂ ಹೋಗದಿದ್ದರೆ, ರೂಮ್ ಇಕ್ಯು ವಿಝರ್ಡ್ ಎಂಬ ಉಚಿತ ತಂತ್ರಾಂಶ ಮತ್ತು ಅಳತೆಯ ಮೈಕ್ ಬಳಸಿ ಉಬ್ಬನ್ನು ಗುರುತಿಸಿ, ಬೇರೆ ಬೇರೆ ಸ್ವರಭಾಗಗಳನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ಈಕ್ವಲೈಜರಿನಿಂದ ಅಷ್ಟನ್ನು ಮಾತ್ರ ತಗ್ಗಿಸಿ. ತಗ್ಗುಗಳನ್ನು ಎತ್ತಲು ಹೋಗಬೇಡಿ. ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿರುವ ಕಡೆ ಎಷ್ಟು ವಿದ್ಯುತ್ ಸುರಿದರೂ ವ್ಯರ್ಥ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದರೊಂದಿಗೆ ಮೂರು ದಿನ ಇರಿ, ನಂತರ ಮುಂದಿನದಕ್ಕೆ ಹೋಗಿ.

ನಾಲ್ಕನೆಯ ಹೆಜ್ಜೆ: ವಾಲ್ಯೂಮಿನ ಮೋಸವನ್ನು ಅರಿಯಿರಿ

1933ರಲ್ಲಿ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಅವರು ಕಿವಿಯ ಸಂವೇದನೆಯ ರೇಖೆಗಳನ್ನು ಪ್ರಕಟಿಸಿದರು. ಶಬ್ದ ಮೆಲ್ಲಗಾದಂತೆ ಕೆಳಸ್ವರಗಳು ನಮ್ಮ ಕಿವಿಗೆ ಉಳಿದವುಗಳಿಗಿಂತ ಬೇಗ ಕ್ಷೀಣಿಸುತ್ತವೆ ಎಂಬುದು ಅವುಗಳ ಸಾರ. ರಾತ್ರಿ ಮನೆಯವರ ನಿದ್ದೆ ಕೆಡದಂತೆ ಮೆಲ್ಲಗೆ ಕೇಳುವವರಿಗೆ ಧ್ವನಿ ತೆಳುವೆನಿಸುವುದು ಸ್ಪೀಕರಿನ ದೋಷವಲ್ಲ. ಹಳೆಯ ಆಂಪ್ಲಿಫೈಯರುಗಳಲ್ಲಿದ್ದ ಲೌಡ್‌ನೆಸ್ ಗುಂಡಿ ಇದಕ್ಕಾಗಿಯೇ ಇತ್ತು. ಅದಿಲ್ಲದಿದ್ದರೆ ಬಾಸ್ ಗುಬುಟನ್ನು ಸ್ವಲ್ಪ ಏರಿಸಿ. ಟೋನ್ ಕಂಟ್ರೋಲ್ ಮುಟ್ಟುವುದನ್ನು ಅಪಚಾರವೆಂದು ಭಾವಿಸುವ ಹವ್ಯಾಸಿಗಳ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ವಾಟ್ ಹೆಚ್ಚಿಸಿಕೊಳ್ಳುವ ಆಸೆಗೂ ಇಲ್ಲೇ ಉತ್ತರವಿದೆ. ಶಕ್ತಿ ಇಮ್ಮಡಿಯಾದರೆ ಶಬ್ದದ ಮಟ್ಟದ ಅಳತೆಯಾದ ಡೆಸಿಬಲ್ ಲೆಕ್ಕದಲ್ಲಿ ಏರುವುದು ಕೇವಲ 3. ಧ್ವನಿ ಎರಡರಷ್ಟು ದೊಡ್ಡದೆನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. 60 ವಾಟಿನಿಂದ 120 ವಾಟಿಗೆ ಹೋದವರು ಪಡೆಯುವುದು ವಾಲ್ಯೂಮ್ ಗುಬುಟಿನ ಒಂದು ಸಣ್ಣ ತಿರುವಿನಷ್ಟನ್ನು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುವ ಸಾಮಾನ್ಯ ಸ್ಪೀಕರಿನಲ್ಲಿ, ಚಿಕ್ಕ ಕೋಣೆಯ ಹದವಾದ ಕೇಳುವಿಕೆಗೆ ಸರಾಸರಿ ಒಂದು ವಾಟೂ ಬೇಕಾಗುವುದಿಲ್ಲ. ಉಳಿದದ್ದು ಕ್ಷಣಿಕ ಏರುಗಳಿಗೆ ಮೀಸಲು. ಎಂದಾದರೂ ಜೋರಾಗಿ ಕೇಳುವಾಗ ಧ್ವನಿ ಒಡೆಯುತ್ತದೆಯೇ? ಇಲ್ಲವೆಂದರೆ ನಿಮ್ಮಲ್ಲಿರುವ ಶಕ್ತಿ ಸಾಕು.

ಐದನೆಯ ಹೆಜ್ಜೆ: ಸವೆದದ್ದನ್ನು ರಿಪೇರಿ ಮಾಡಿಸಿ

ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಕೆಳಸ್ವರಗಳನ್ನು ನುಡಿಸುವ ವೂಫರಿನ ಅಂಚಿನ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಅಂಚನ್ನಷ್ಟೇ ಬದಲಿಸಬಹುದು. ಹಳೆಯ ಆಂಪ್ಲಿಫೈಯರಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಒಣಗುತ್ತವೆ, ಟರ್ನ್‌ಟೇಬಲಿನ ಬೆಲ್ಟ್ ಸಡಿಲಗೊಳ್ಳುತ್ತದೆ, ಸೂಜಿ ಸವೆಯುತ್ತದೆ. ಎರಡು ಸ್ಪೀಕರುಗಳಲ್ಲಿ ಒಂದರ ಪ್ಲಸ್ ಮೈನಸ್ ತಂತಿಗಳು ಅದಲುಬದಲಾಗಿದ್ದರೆ ಬಾಸ್ ಬಸಿದುಹೋಗಿ ಕಂಠ ನಡುವೆ ನಿಲ್ಲದೆ ಚದುರುತ್ತದೆ. ಇದನ್ನು ಇಂದೇ ನೋಡಿಕೊಳ್ಳಿ. ಕೇಬಲಿನ ವಿಷಯದಲ್ಲಿ, 2.5 ಚದರ ಮಿಲಿಮೀಟರ್ ತಾಮ್ರದ ಮೂರು ಮೀಟರ್ ಜೋಡಿತಂತಿಯ ಒಟ್ಟು ರೋಧ ಸುಮಾರು 0.04 ಓಮ್. 8 ಓಮಿನ ಸ್ಪೀಕರಿನ ಎದುರು ಇದು ಗಣನೆಗೆ ಬರುವುದಿಲ್ಲ.

ಆರನೆಯ ಹೆಜ್ಜೆ: ಹೊಸದನ್ನು ಕಣ್ಣಿಗೆ ಕಾಣದಂತೆ ಕೇಳಿ

ಇಷ್ಟಾದ ಮೇಲೂ ಒಂದು ಉಪಕರಣದ ಆಸೆ ಉಳಿದಿದ್ದರೆ ಅದನ್ನು ಕೆಲವು ದಿನಗಳ ಮಟ್ಟಿಗೆ ಎರವಲು ತನ್ನಿ. ಕಿವಿಯನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಕಣ್ಣು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರುಗಳನ್ನು ನೋಡುತ್ತ ಕೇಳಿದಾಗ ಜನ ಕೊಟ್ಟ ಅಂಕಗಳು ಪರದೆಯ ಮರೆಯಲ್ಲಿ ಕೇಳಿದಾಗ ಬದಲಾದವು. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಸಿಡಿಗಿಂತ ಹೆಚ್ಚು ಮಾಹಿತಿ ಹಿಡಿದಿಡುವ ಹೈ ರೆಸಲ್ಯೂಶನ್ ಮುದ್ರಣಗಳನ್ನು ನೇರವಾಗಿಯೂ, ಸಿಡಿಯ ಮಟ್ಟವಾದ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಉತ್ತರಗಳು ಸರಿಯಿದ್ದವು, ನಾಣ್ಯ ಚಿಮ್ಮಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ: ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಶಬ್ದಗಳ ನಡುವೆ 16 ಬಿಟ್ ಕೊಡುವ ಸುಮಾರು 96 ಡೆಸಿಬಲ್ ಹರವು, 30 ಡೆಸಿಬಲ್ ಗದ್ದಲವಿರುವ ಪ್ರಶಾಂತ ಕೋಣೆಯ ಮೇಲೆ ಕೂತರೆ 126 ಡೆಸಿಬಲ್ ತಲುಪುತ್ತದೆ, ಅಷ್ಟು ಜೋರಾಗಿ ಕೇಳುವ ಕಿವಿ ಉಳಿಯುವುದಿಲ್ಲ.

ಮನೆಯಲ್ಲಿ ಪರೀಕ್ಷೆ ಹೀಗೆ ಮಾಡಿ. 1,000 ಹರ್ಟ್ಸ್ ಸ್ವರ ಹಚ್ಚಿ, ಸ್ಪೀಕರ್ ಟರ್ಮಿನಲಿನಲ್ಲಿ ವೋಲ್ಟೇಜ್ ಅಳೆದು, ಹಳೆಯದರಲ್ಲಿ 2.00 ವೋಲ್ಟ್ ಬಂದರೆ ಹೊಸದರಲ್ಲೂ 1.98ರಿಂದ 2.02ರೊಳಗೆ ಬರುವಂತೆ ವಾಲ್ಯೂಮ್ ಹೊಂದಿಸಿ. ನಿಮ್ಮ ಮಲ್ಟಿಮೀಟರ್ 50-60 ಹರ್ಟ್ಸ್‌ನ ಎಸಿ ವೋಲ್ಟೇಜನ್ನಷ್ಟೇ ನಂಬಿಕೆಯಿಂದ ತೋರಿಸುವಂಥದ್ದಾದರೆ 60 ಹರ್ಟ್ಸ್ ಸ್ವರವನ್ನು ಬಳಸಿ. ಇದನ್ನು ಬಿಟ್ಟರೆ ಪರೀಕ್ಷೆಯೇ ವ್ಯರ್ಥ, ಏಕೆಂದರೆ ಅರ್ಧ ಡೆಸಿಬಲ್ ಜೋರಾದದ್ದು ಕಿವಿಗೆ ‘ಜೋರು’ ಎನ್ನಿಸದೆ ‘ಉತ್ತಮ’ ಎನ್ನಿಸುತ್ತದೆ. ನಂತರ ನೀವು ಬೆನ್ನು ತಿರುಗಿಸಿ ಕುಳಿತಿರಿ. ಸ್ನೇಹಿತರು ನಾಣ್ಯ ಚಿಮ್ಮಿ ಹಳೆಯದನ್ನೋ ಹೊಸದನ್ನೋ ಹಚ್ಚಲಿ. ನೀವು ಉತ್ತರ ಬರೆಯಿರಿ. ಬದಲಾವಣೆ ಬೇಗ ಆಗಬೇಕು, ಸೂಕ್ಷ್ಮ ವಿವರಗಳ ಶ್ರವಣಸ್ಮೃತಿ ಕೆಲವೇ ಸೆಕೆಂಡುಗಳಲ್ಲಿ ಮಸುಕಾಗುತ್ತದೆ. 16 ಬಾರಿ ಮಾಡಿ. 12 ಅಥವಾ ಹೆಚ್ಚು ಸರಿಯಾದರೆ ಅದು ಬರಿಯ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ವ್ಯತ್ಯಾಸ ನಿಜವೆಂದು ನಂಬಬಹುದು. ಅಷ್ಟು ಬರದಿದ್ದರೆ ಎರವಲು ತಂದದ್ದನ್ನು ಧನ್ಯವಾದ ಹೇಳಿ ಮರಳಿಸಿ. ಸ್ಪೀಕರುಗಳನ್ನು ಹೋಲಿಸುವಾಗ ಮಲ್ಟಿಮೀಟರಿನ ಬದಲು ಧ್ವನಿಮಾಪಕ ಬೇಕು, ಹಾಗೂ ಎರಡನ್ನೂ ಒಂದೇ ಜಾಗದಲ್ಲಿಟ್ಟು ಕೇಳಬೇಕು; ಅಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಸುಲಭವಾಗಿ ತಿಳಿಯುತ್ತದೆ, ಆದ್ದರಿಂದಲೇ ಖರ್ಚು ಮಾಡಲೇಬೇಕಾದರೆ ಸ್ಪೀಕರಿಗೂ ಕೋಣೆಗೂ ಮಾಡಿ ಎನ್ನುತ್ತೇನೆ.

ಏಳನೆಯ ಹೆಜ್ಜೆ: ಸಾಕು ಎಂಬ ಗೆರೆಯನ್ನು ಕಾಗದದ ಮೇಲೆ ಎಳೆಯಿರಿ

ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮ ವ್ಯವಸ್ಥೆ ಚೆನ್ನಾಗಿ ಮಾಡುವ ಕೆಲಸಗಳನ್ನೂ, ಅದರಿಂದ ಎಂದಿಗೂ ಆಗದ ಕೆಲಸಗಳನ್ನೂ ಬರೆಯಿರಿ. ಮಿತಿಯನ್ನು ಬರೆಯುವುದು ಮುಖ್ಯ. ಬಿಬಿಸಿ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್‌3/5ಎ ಎಂಬ ಪುಟ್ಟ ಸ್ಪೀಕರಿಗೆ ಆಳವಾದ ಬಾಸ್ ಇಲ್ಲ, ಜೋರಾಗಿ ನುಡಿಯುವ ಸಾಮರ್ಥ್ಯವೂ ಇಲ್ಲ. 1957ರಲ್ಲಿ ಬಂದ ಕ್ವಾಡ್ ಎಲೆಕ್ಟ್ರೊಸ್ಟ್ಯಾಟಿಕ್ ಸ್ಪೀಕರಿನ ಕಥೆಯೂ ಅದೇ. ಆದರೂ ಮನುಷ್ಯ ಕಂಠದ ಸಹಜತೆಗಾಗಿ ಇವೆರಡನ್ನೂ ಇಂದಿಗೂ ರಿಪೇರಿ ಮಾಡಿಸಿಕೊಂಡು ಕೇಳುವವರಿದ್ದಾರೆ. ತಮ್ಮ ಸ್ಪೀಕರ್ ಏನನ್ನು ಕೊಡುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿದೆ.

ಅದೇ ಪುಟದಲ್ಲಿ ಎರಡು ನಿಯಮ ಸೇರಿಸಿ. ಬೇಕೆನಿಸಿದ ವಸ್ತುವಿನ ಹೆಸರು ಮತ್ತು ದಿನಾಂಕ ಬರೆದು 90 ದಿನ ಕಾಯಬೇಕು. ಆ ದಿನಗಳಲ್ಲಿ ಅದರ ವಿಮರ್ಶೆ ಓದಕೂಡದು. 90 ದಿನಗಳ ನಂತರವೂ, ಹಾಡು ಕೇಳುತ್ತಿರುವಾಗಲೇ, ಎರಡನೆಯ ಹೆಜ್ಜೆಯಲ್ಲಿ ಹೆಸರಿಟ್ಟ ಅದೇ ದೂರಿಗಾಗಿ ಅದು ಬೇಕೆನಿಸಿದರೆ ಸಂತೋಷವಾಗಿ ತನ್ನಿ. ನನ್ನ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಒಂದು ಮಾತ್ರ ಹೀಗೆ ಉಳಿಯಿತು, ಅದನ್ನು ತಂದದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಎಂಟನೆಯ ಹೆಜ್ಜೆ: ಕೇಳುವುದನ್ನು ಮತ್ತೆ ಕಲಿಯಿರಿ

ವಾರಕ್ಕೆ ಒಂದು ಸಂಜೆಯನ್ನು ಮೀಸಲಿಡಿ. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಆಂಪ್ಲಿಫೈಯರಿನ ದೀಪಗಳೂ ಕಾಣದಷ್ಟು ಬೆಳಕು ತಗ್ಗಿಸಿ, ಒಂದೇ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ಮುಂದಿನ ವಾರವೂ ಅದನ್ನೇ ಕೇಳಿ, ಆದರೆ ಈ ಬಾರಿ ಪಕ್ಕವಾದ್ಯವನ್ನು ಮಾತ್ರ ಹಿಂಬಾಲಿಸಿ. ಅದರ ಮರುವಾರ ಸ್ವರಗಳ ನಡುವಣ ಮೌನವನ್ನು. ನಾಲ್ಕನೆಯ ಸಲಕ್ಕೆ ಬರುವಷ್ಟರಲ್ಲಿ, ಹೊಸ ಉಪಕರಣ ತಂದಾಗ ಮಾತ್ರ ಕೇಳಿಸುತ್ತವೆ ಎಂದುಕೊಂಡಿದ್ದ ಎಳೆಗಳು ಹಳೆಯ ಸ್ಪೀಕರಿನಿಂದಲೇ ಹೊರಬರುತ್ತವೆ. ಹೊಸದು ಮನೆಗೆ ಬಂದ ದಿನ ನಾವು ಕಿವಿಗೊಟ್ಟು ಕೇಳುತ್ತೇವೆ, ಆ ದಿನದ ಹೊಳಪಿನಲ್ಲಿ ಬಹುಭಾಗ ಆ ಕಿವಿಗೊಡುವಿಕೆಯದೇ ಎಂದು ನನಗೆ ಅರಿವಾದದ್ದು ಈ ಅಭ್ಯಾಸದಿಂದ.

ಮುದ್ರಣ ಮುಗಿದ ಕೂಡಲೇ ಎದ್ದು ಹೋಗಬೇಡಿ. ನೋಟ್‌ಬುಕ್ಕನ್ನು ತಿರುಗಿಸಿ ಹಿಂಬದಿಯಿಂದ ಬರೆಯಲು ತೊಡಗಿ. ಅಲ್ಲಿ ಉಪಕರಣದ ಮಾತು ಬೇಡ, ಅಂದು ಕೇಳಿಸಿದ್ದು ಮಾತ್ರ ಇರಲಿ. ನನ್ನ ಪುಸ್ತಕದಲ್ಲಿ ಹಿಂಬದಿಯ ಪುಟಗಳು ಈಗ ಮುಂಬದಿಯವನ್ನು ಮೀರಿವೆ. ಕಳೆದ ವಾರದ ಟಿಪ್ಪಣಿ ಹೀಗಿದೆ: ‘ಎರಡನೆಯ ಚರಣಕ್ಕೆ ಮುಂಚೆ ಗಾಯಕಿ ಉಸಿರೆಳೆದುಕೊಳ್ಳುತ್ತಾರೆ, ಎಡ ಸ್ಪೀಕರಿನಿಂದ ಒಂದು ಗೇಣು ಒಳಗೆ. ಇಷ್ಟು ವರ್ಷ ಕೇಳಿರಲಿಲ್ಲ.’